ಖುರ್ಷೀದ್ ಬೇಗಂ ಹೆಸರಿನ ಬಾಟಲಿ

ಸೇಡಂ ರಸ್ತೆ, ಕಲಬುರಗಿ
ಆಗಸ್ಟ್ ೪, ಸೋಮವಾರ

ರಘೂತ್ತಮ ಅವರಿಗೆ,

ಮಾಧವಿಯ ನಮಸ್ಕಾರ. ಹೆಸರಿನ ಮುಂದೆ ಪ್ರೀತಿಯ ಒಂದು ಮಾತು ಬರೆಯುವುದು ಪದ್ಧತಿ. ಪೆನ್ನು ಹಿಡಿದು ಬಹಳ ಹೊತ್ತು ಕೂತೆ, ಕೈ ಏಳಲಿಲ್ಲ. ಹಾಗಾಗಿ ಬರೀ ಹೆಸರಿನಿಂದಲೇ ಶುರು ಮಾಡಿದ್ದೇನೆ. ಹೆಸರುಗಳ ವಿಷಯದಲ್ಲಿ ನಿಮಗೂ ಅಂಥ ಕಾಳಜಿಯೇನಿಲ್ಲ ಎಂಬುದು ಈಚೆಗೆ ಗೊತ್ತಾಗಿದೆ.

ಈ ಪತ್ರವನ್ನು ನಿಮ್ಮ ಕೈಗೆ ಕೊಟ್ಟವರು ಆರೋಗ್ಯ ನಿರೀಕ್ಷಕ ಗುರುಲಿಂಗಪ್ಪನವರು. ಅವರು ಬಾಗಿಲಲ್ಲಿ ನಿಂತಿರುತ್ತಾರೆ, ನಿಂತಿರಲಿ. ಒಳಗೆ ಹೋಗಿ ನಿಧಾನವಾಗಿ ಓದುತ್ತೇನೆ ಎನ್ನಬೇಡಿ. ಅಂಗಳದಲ್ಲೇ ಓದಿ, ಕೊನೆಯ ಸಾಲಿನವರೆಗೂ ಓದಿ. ನಿನ್ನೆ ಮೊಬೈಲಿಗೆ ನೀವು ಕಳಿಸಿದ ಸಂದೇಶಕ್ಕೆ ಮೊಬೈಲಿನಲ್ಲೇ ಉತ್ತರ ಕೊಡಬಹುದಿತ್ತು. ನೀವು ಓದಿ ಅಳಿಸಿಬಿಡುತ್ತೀರಿ, ಆಮೇಲೆ ಮಾಧವಿ ಹಾಗೆ ಹೇಳಲೇ ಇಲ್ಲ ಎನ್ನುತ್ತೀರಿ. ಕಾಗದವನ್ನಾದರೆ ಹರಿಯಬೇಕಾಗುತ್ತದೆ, ಹರಿಯುವುದನ್ನು ನೋಡಲು ಒಬ್ಬರು ಇರುತ್ತಾರೆ.

ಮನೆತನದ ಮಾನ ಬೀದಿಗೆ ತಂದೆ ಎಂದು ಬರೆದಿದ್ದೀರಿ. ಖುರ್ಷೀದ್ ಬೇಗಂ ಅವರ ಹೆಸರು ತೆಗೆದು ನಿಮ್ಮ ಅವ್ವನ ಹೆಸರನ್ನು ಸರಕಾರದವರಿಗೆ ಬರೆದುಕೊಟ್ಟೆನಂತೆ. ಹೌದು, ಬರೆದುಕೊಟ್ಟಿದ್ದೇನೆ. ಶನಿವಾರ ಬೆಳಿಗ್ಗೆ ಜಿಲ್ಲಾ ರೋಗ ಸರ್ವೇಕ್ಷಣಾಧಿಕಾರಿಗಳ ಕಚೇರಿಗೆ ನಾನೇ ಹೋಗಿದ್ದೆ. ಜುಲೈ ತಿಂಗಳಲ್ಲಿ ನಮ್ಮ ಲ್ಯಾಬಿನಿಂದ ಕಾಲರಾ ಎಂದು ವರದಿಯಾದ ಮಾದರಿ ಕಮಲಾಪುರದ ಖುರ್ಷೀದ್ ಬೇಗಂ ಅವರದಲ್ಲ, ಅವರ ಪಕ್ಕದ ಮನೆಯ ಜಾನಕೀಬಾಯಿಯವರದು, ತಪ್ಪು ಹೆಸರು ಕೊಟ್ಟವರು ಅವರ ಮಗ ರಘೂತ್ತಮ, ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕರು ಎಂದು ಬರೆದು ಸಹಿ ಹಾಕಿದೆ. ಉಪನ್ಯಾಸಕರು ಎಂಬುದನ್ನು ಬರೆಯುವ ಅಗತ್ಯವಿರಲಿಲ್ಲ. ಬೇಕೆಂದೇ ಬರೆದೆ.

ನೀವು ಲ್ಯಾಬಿಗೆ ಬಂದ ದಿನ ನಿಮಗೆ ನೆನಪಿರಲಿಕ್ಕಿಲ್ಲ, ನನಗೆ ಚೆನ್ನಾಗಿ ನೆನಪಿದೆ. ನಾನು ಕಮಲಾಪುರದ ಮನೆ ಬಿಟ್ಟು ಬಂದ ಮೇಲೆ ನೀವು ನನ್ನನ್ನು ಹುಡುಕಿಕೊಂಡು ಬಂದದ್ದು ಅದೇ ಮೊದಲು. ಮಳೆಯಲ್ಲಿ ನೆನೆದಿದ್ದಿರಿ. ಕೈಯಲ್ಲಿ ಬಟ್ಟೆಯ ಚೀಲ, ಅದರೊಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಬಾಟಲಿ. ವಾಂತಿಭೇದಿ ನಿಲ್ಲುತ್ತಿಲ್ಲ, ಊರಿನ ಡಾಕ್ಟರು ಮನೆಯಲ್ಲೇ ಸಲೈನ್ ಹಚ್ಚಿದ್ದಾರೆ, ಯಾವ ಔಷಧ ನಾಟುತ್ತದೆ ನೋಡಿಕೊಂಡು ಬಾ ಅಂದಿದ್ದಾರೆ ಎಂದಿರಿ. ಬಾಟಲಿಯಲ್ಲಿದ್ದದ್ದು ಅಕ್ಕಿ ತೊಳೆದ ನೀರಿನ ಹಾಗಿತ್ತು. ನೋಡಿದ ಕೂಡಲೇ ನನಗೆ ಸಂಶಯ ಬಂತು, ನಿಮಗೂ ಬಂದಿತ್ತು. ಅದಕ್ಕೇ ಕೇಳಿದಿರಿ, ಕಾಲರಾ ಅಂತ ಬಂದರ ಸರಕಾರಕ್ಕ ತಿಳಸೂದು ಇರತದೇನು ಅಂತ. ಹೌದು, ಅದೇ ದಿನ ತಿಳಿಸಬೇಕು, ಅವರು ಬಂದು ರೋಗಿಯ ಮನೆಯ ನೀರನ್ನೆಲ್ಲ ನೋಡುತ್ತಾರೆ, ಬಾವಿ ಇದ್ದರೆ ಬ್ಲೀಚಿಂಗ್ ಪುಡಿ ಹಾಕುತ್ತಾರೆ ಎಂದೆ. ಆಮೇಲೆ, ಯಾರದು ಎಂದು ರಿಜಿಸ್ಟರ್ ಬರೆಯುತ್ತಿದ್ದ ನನ್ನ ಸಹೋದ್ಯೋಗಿ ಕೌಸರ್ ಕೇಳಿದಾಗ, ಬಾಜೂ ಮನಿ ಖುರ್ಷೀದ್ ಬೇಗಂದು ಎಂದಿರಿ.

ನನಗೆ ಆಗ ಎಂಥ ಖುಷಿಯಾಯಿತು ಗೊತ್ತೇ? ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ. ಪಕ್ಕದ ಮನೆಯ ಮುದುಕಿಗಾಗಿ ಈ ಮನುಷ್ಯ ಮಳೆಯಲ್ಲಿ ಬಸ್ಸು ಹತ್ತಿ ಬಂದನಲ್ಲ, ಅದೂ ಇಂಥದ್ದನ್ನು ಕೈಯಲ್ಲಿ ಹಿಡಿದುಕೊಂಡು, ಎಂದು ಕಣ್ಣು ತುಂಬಿ ಬಂತು. ನಿಮಗೆ ಚಹಾ ತರಿಸಿದೆ. ನೀವು ಹೋದ ಮೇಲೆ ಕೌಸರಳಿಗೆ, ನಮ್ಮ ಮನೆಯವರು ಮೊದಲು ಹೀಗಿರಲಿಲ್ಲ, ಸುಧಾರಿಸಿದ್ದಾರೆ ಎಂದೆ. ಅವಳು ನಕ್ಕಳು. ಮರುದಿನ, ಕಾಲರಾ ರೋಗಾಣು ಬೆಳೆಸಿ ನೋಡುವ ಹಸಿರು ತಟ್ಟೆಯಲ್ಲಿ ಹಳದಿ ಚುಕ್ಕೆಗಳು ಎದ್ದು ಕೂತಿದ್ದವು. ಉಳಿದ ಪರೀಕ್ಷೆಯನ್ನೂ ಮುಗಿಸಿ, ಕಾಲರಾ ಎಂದು ಖಚಿತವಾದ ಮೇಲೆ, ನೀವು ಹೇಳಿದ ಹೆಸರನ್ನೇ ವರದಿ ಮಾಡಿದೆ. ಯಾವ ಔಷಧ ನಾಟುತ್ತದೆ ಎಂದು ನಿಮಗೂ ಫೋನ್ ಮಾಡಿ ಹೇಳಿದೆ. ಆ ಔಷಧದಿಂದ ನಿಮ್ಮ ಅವ್ವ ಎದ್ದು ಕೂತರು.

ನಿಮ್ಮ ಓಣಿಗೆ ಗುರುಲಿಂಗಪ್ಪನವರ ತಂಡ ಬಂತು. ಬಂದವರು ನಾನು ಕೊಟ್ಟ ಹೆಸರು ಹಿಡಿದು ನೇರವಾಗಿ ಖುರ್ಷೀದ್ ಬೇಗಂ ಮನೆಗೆ ಹೋದರು. ಅವರ ನೀರಿನ ಟಾಕಿಗೆ ಔಷಧ ಹಾಕಿದರು, ಪರೀಕ್ಷೆ ಮುಗಿಯುವವರೆಗೆ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಗಾಡಿ ಹಚ್ಚಬೇಡಿ ಎಂದರು. ಖುರ್ಷೀದ್ ಬೇಗಂ ನನಗೇನೂ ಆಗಿಲ್ಲ ಎಂದದ್ದನ್ನು ಯಾರೂ ನಂಬಲಿಲ್ಲ. ಹೆದರಿ ಮುಚ್ಚಿಡುವವರು ಎಲ್ಲರೂ ಹಾಗೆಯೇ ಹೇಳುತ್ತಾರೆ. ಪರೀಕ್ಷೆಯಲ್ಲಿ ಏನೂ ಸಿಗದಿದ್ದಾಗ ಔಷಧ ತಿಂದು ವಾಸಿಯಾಗಿರಬೇಕು ಎಂದುಕೊಂಡರು. ಅವರ ಮೊಮ್ಮಗಳು ಅಲ್ಫಿಯಾಳಿಗೆ ಟ್ಯೂಷನ್ನಿಗೆ ಬರಬೇಡ ಎಂದರಂತೆ. ಅವಳಿಗೆ ಟ್ಯೂಷನ್ ಹೇಳುತ್ತಿದ್ದವರು ಯಾರು ಎಂದು ನಾನು ಬೇರೆ ಹೇಳಬೇಕೇ? ನಿಮ್ಮ ಪಡಸಾಲೆಯಲ್ಲೇ ಅಲ್ಲವೇ ಆ ಹುಡುಗಿ ಕೂರುತ್ತಿದ್ದದ್ದು?

ಅದಾದ ಮೇಲೆ ನಾನೊಮ್ಮೆ ಕಮಲಾಪುರಕ್ಕೆ ಬಂದಿದ್ದೆ. ನಿಮ್ಮ ಮನೆಗಲ್ಲ, ಬಸ್ ಸ್ಟ್ಯಾಂಡಿಗೆ. ಗಾಡಿ ಹಚ್ಚಲು ಮತ್ತೆ ಒಪ್ಪಿಗೆ ಸಿಕ್ಕಿತ್ತು, ಆದರೆ ಹತ್ತಿರ ಒಂದು ನರಪಿಳ್ಳೆಯಿಲ್ಲ. ಊರಿಗೆ ಹೆಸರು ತಂದ ಕೆಂಪು ಬಾಳೆಹಣ್ಣು ಗಾಡಿಯ ಮೇಲೆ ಕಪ್ಪಾಗಿ ಸೋರುತ್ತಿತ್ತು. ಹುಮನಾಬಾದಿನ ಬಸ್ಸಿನಿಂದ ಇಳಿದವರು ಆಚೆಯಿಂದ ಸುತ್ತಿಕೊಂಡು ಹೋಗುತ್ತಿದ್ದರು. ನನ್ನನ್ನು ನೋಡಿ ಖುರ್ಷೀದ್ ಬೇಗಂ ಎದ್ದು ನಿಲ್ಲಲಿಲ್ಲ. ಬೇಟಾ, ನಾ ನಿನಗ ಏನ್ ಮಾಡಿದ್ದೆ, ಖುದಾ ಕಸಂ, ನನಗ ಒಂದ್ ಜುಲಾಬ್ ಸೈತ ಆಗಿಲ್ಲ ಅಂದರು. ನಾನೇನು ಮಾಡಿದೆ ಗೊತ್ತೇ? ಕಾಯಿಲೆ ಯಾರಿಗಾದರೂ ಬರುತ್ತದೆ, ಮುಚ್ಚಿಡಬಾರದು, ನೀರು ಕುದಿಸಿ ಕುಡಿಯಿರಿ ಎಂದು ಬುದ್ಧಿ ಹೇಳಿದೆ. ಅವರು ತಲೆ ಬಗ್ಗಿಸಿ ಕೇಳಿಸಿಕೊಂಡರು. ಗಟ್ಟಿಮುಟ್ಟಾಗಿದ್ದ ಹೆಂಗಸಿಗೆ ರೋಗ ಮುಚ್ಚಿಡಬೇಡಿ ಎಂದು ಪಾಠ ಹೇಳಿ ಬಂದೆ. ನಿಮ್ಮ ದೆಸೆಯಿಂದ ನಾನು ಮಾಡಿದ ಮೂರ್ಖತನಗಳಲ್ಲಿ ಮದುವೆಯನ್ನು ಬಿಟ್ಟರೆ ಇದೇ ದೊಡ್ಡದು.

ಆ ಖುರ್ಷೀದ್ ಬೇಗಂ ಯಾರು ಎಂಬುದನ್ನು ನೀವು ಮರೆತಿರಬಹುದು. ನಾನು ಆ ಮನೆಯಲ್ಲಿದ್ದಾಗ ಲ್ಯಾಬಿನಿಂದ ಹಸಿದು ಬರುತ್ತಿದ್ದೆ. ನಿಮ್ಮ ಅವ್ವ ನನ್ನನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಕಂಡವರ ಹೊಲಸು ಮುಟ್ಟಿ ಬಂದಾಕಿ, ತಲಿಮ್ಯಾಲ ನೀರು ಹಾಕ್ಕೊಂಡರೂ ನನ್ನ ಮಡಿಗೆ ನಡಿಯಂಗಿಲ್ಲ ಎನ್ನುತ್ತಿದ್ದರು. ತಟ್ಟೆ ಹೊರಗೆ ಬರುವವರೆಗೆ ಹಿತ್ತಲಲ್ಲಿ ಕಾಯಬೇಕಿತ್ತು. ಗೋಡೆಯ ಮೇಲಿಂದ ಎರಡು ಹಣ್ಣು ನನ್ನ ಕೈಗೆ ಬರುತ್ತಿದ್ದವು. ಕೊಟ್ಟವರು ಏನೂ ಕೇಳುತ್ತಿರಲಿಲ್ಲ. ನೀವು ಮಾತ್ರ ಹೊಂದಿಕೊಂಡು ಹೋಗು, ವಯಸ್ಸಾದವರು ಎಂದು ಹೇಳಿ ಪೇಪರ್ ಓದುತ್ತಿದ್ದಿರಿ. ಬಾಯಿಗೆ ಮೊದಲು ಬಂದ ಹೆಸರು ಹೇಳಿದೆ, ಅದರಲ್ಲಿ ದುರುದ್ದೇಶ ಇರಲಿಲ್ಲ ಎಂದು ಬರೆದಿದ್ದೀರಿ. ನಾನು ನಂಬುತ್ತೇನೆ. ಇಂಥದ್ದನ್ನು ಹೊರಿಸಬೇಕೆಂದಾಗ ನಿಮ್ಮ ಬಾಯಿಗೆ ಮೊದಲು ಬಂದದ್ದೇ ಆ ಹೆಸರು. ನನಗೆ ಅಸಹ್ಯವಾಗುವುದೇ ಅದಕ್ಕೆ.

ಇನ್ನು ಬಾವಿಯ ಮಾತು. ಮಠದಲ್ಲಿ ನಡೆಯುವ ರಾಯರ ಆರಾಧನೆಗೆ ಮೊದಲ ಕೊಡ ನಿಮ್ಮ ಹಿತ್ತಲಿನ ಬಾವಿಯಿಂದ ಹೋಗಬೇಕು, ಅಜ್ಜನ ಕಾಲದಿಂದ ಬಂದ ಮರ್ಯಾದೆ, ಬ್ಲೀಚಿಂಗ್ ಹಾಕಿದ ನೀರು ಅಭಿಷೇಕಕ್ಕೂ ಬರುವುದಿಲ್ಲ, ನೈವೇದ್ಯದ ಅಡುಗೆಗೂ ಬರುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ಪ್ರತಿ ಮಳೆಗಾಲ ಪುಡಿ ಹಾಕಲು ಬಂದವರಿಗೆ ಚಹಾ ಕುಡಿಸಿ, ನಮ್ಮದು ಮಡಿ ಬಾವಿ, ಹಾಕೀವಿ ಅಂತ ತಿಳಕೋರಿ ಎಂದು ಸಾಗಹಾಕುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಆದರೆ ಅದೇ ಬಾವಿಯ ಪಕ್ಕದಲ್ಲಿ ಹೋದ ವರ್ಷ ಪಾಯಖಾನೆಯ ಗುಂಡಿ ತೋಡಿಸಿದವರು ಯಾರು? ಅವ್ವನಿಗೆ ದೂರ ನಡೆಯಲಾಗುವುದಿಲ್ಲ ಎಂದಿರಿ, ಸರಿ. ಗುಂಡಿಗೆ ತಳದಲ್ಲಿ ಸಿಮೆಂಟು ಹಾಕಿಸಲು ನಿಮಗೇನಾಗಿತ್ತು? ಈ ಸಲ ಜುಲೈಯಲ್ಲಿ ಸುರಿದ ಮಳೆಗೆ ಅದು ಎಲ್ಲಿಗೆ ಇಳಿದಿರುತ್ತದೆ ಎಂದು ಮಕ್ಕಳಿಗೆ ರಸಾಯನಶಾಸ್ತ್ರ ಹೇಳುವ ನಿಮಗೆ ಹೊಳೆಯಲಿಲ್ಲವೇ? ಪುಡಿಯ ವಾಸನೆ ಬಂದರೆ ಮಡಿ ಕೆಡುತ್ತದೆ, ಗುಂಡಿಯ ನೀರು ಬೆರೆತರೆ ಕೆಡುವುದಿಲ್ಲ ಎಂಬ ಲೆಕ್ಕ ನಿಮ್ಮ ಕಾಲೇಜಿನಲ್ಲಿ ಮಾತ್ರ ಇರಬೇಕು.

ಯಾರೂ ಸತ್ತಿಲ್ಲವಲ್ಲ ಎಂದು ಬರೆದಿದ್ದೀರಿ. ಆರಾಧನಿ ಮುಗೀಲಿ, ಆಮ್ಯಾಲ ನಾನ ಪುಡಿ ಹಾಕಸ್ತೀನಿ, ಅಲ್ಲಿತನಕ ಹೆಸರು ತಿದ್ದಿದ್ದು ಲ್ಯಾಬಿನವರ ತಪ್ಪು ಅಂತ ಬರದುಕೊಡು ಎಂದು ಬೇಡಿಕೊಂಡಿದ್ದೀರೋ, ಹೆದರಿಸಿದ್ದೀರೋ, ಓದಿದರೆ ತಿಳಿಯುವುದಿಲ್ಲ. ನಿಮ್ಮ ಓಣಿಯಲ್ಲಿ ಆ ಬಾವಿಯ ತೀರ್ಥ ತೆಗೆದುಕೊಂಡ ಎಷ್ಟು ಮನೆಗಳಲ್ಲಿ ಅಜೀರ್ಣ ಎಂದು ಹೇಳಿ ಮಲಗಿದ್ದಾರೆ ಎಂದು ಗುರುಲಿಂಗಪ್ಪನವರು ಶನಿವಾರ ಮಧ್ಯಾಹ್ನವೇ ಕೇಳಿಕೊಂಡು ಹೋಗಿದ್ದಾರೆ. ಬರುವ ಭಾನುವಾರ ಆರಾಧನೆ ಶುರು. ಕಲಬುರಗಿಯಿಂದಲೂ ಜನ ಬರುತ್ತಾರೆ, ಹಸುಗೂಸುಗಳನ್ನು ಎತ್ತಿಕೊಂಡು ಬರುತ್ತಾರೆ. ಆ ನೀರಿನಲ್ಲಿ ಕಲಸಿದ ಪಂಚಾಮೃತವನ್ನು ಕೈಯೊಡ್ಡಿ ಕುಡಿಯುತ್ತಾರೆ. ಅವರಲ್ಲಿ ಯಾರಾದರೂ ಸತ್ತ ಮೇಲೆ ನಾನು ವರದಿ ಮಾಡಬೇಕಿತ್ತೇ?

ಇದನ್ನೆಲ್ಲ ಕೌಸರ್ ನನ್ನ ಕಿವಿಯಲ್ಲಿ ಊದಿದ್ದಾಳೆ, ಅವರವರು ಒಂದಾಗಿ ನಮ್ಮನ್ನು ಹಾಳು ಮಾಡುತ್ತಿದ್ದಾರೆ ಎಂದಿದ್ದೀರಿ. ಆ ಸಾಲನ್ನು ನಾನು ಕೌಸರಳಿಗೆ ತೋರಿಸಲಿಲ್ಲ. ತೋರಿಸಲು ನಾಚಿಕೆಯಾಯಿತು. ಅವಳು ಖುರ್ಷೀದ್ ಬೇಗಂ ಅವರ ಮುಖ ಕಂಡವಳಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹಿಂದೆ ಹುಟ್ಟಿ ಬೆಳೆದವಳು, ಕಮಲಾಪುರವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಾಳೆ, ಅಷ್ಟೇ.

ಹಾಗಾದರೆ ನನಗೆ ಹೇಗೆ ಗೊತ್ತಾಯಿತು ಎಂದು ತಲೆ ಕೆಡಿಸಿಕೊಂಡಿದ್ದೀರಿ. ನೀವೇ ಹೇಳಿದ್ದಿರಿ. ಬಾಟಲಿ ಕೊಟ್ಟ ದಿನ ಚಹಾ ಕುಡಿಯುತ್ತ, ಡಾಕ್ಟರು ಬಾಳಿಹಣ್ಣು ತಿನ್ನರಿ ಅಂದರ ಮುಟ್ಟವಲ್ಲರು, ಹಟ ಭಾಳ ಅದ ಎಂದಿರಿ. ಬಾಳೆಹಣ್ಣು ಮಾರಿ ಬದುಕುವವರು ಬಾಳೆಹಣ್ಣು ಯಾಕೆ ಮುಟ್ಟುವುದಿಲ್ಲ? ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ ಹಿಡಿದು, ಪಲ್ಯ, ಕಾಯಿ, ಹಣ್ಣು ಎಲ್ಲ ಬಿಟ್ಟು, ಸಲೈನ್ ಸೂಜಿ ಚುಚ್ಚಿಸಿಕೊಂಡರೂ ವ್ರತ ಮುರಿಯದ ಒಬ್ಬರು ಆ ಓಣಿಯಲ್ಲಿ ಇದ್ದಾರೆ. ಅವರು ಖುರ್ಷೀದ್ ಬೇಗಂ ಅಲ್ಲ. ಸದ್ಯಕ್ಕೆ ಇಷ್ಟು ಉತ್ತರ ಸಾಕು.

ಈ ಅವಮಾನ ತಾಳಲಾರದೆ ಅವ್ವ ಹುಮನಾಬಾದಿನ ತಂಗಿಯ ಮನೆಗೆ ಹೋಗಿ ಕೂತಿದ್ದಾರೆ, ಫೋನಿಗೂ ಬರುವುದಿಲ್ಲ ಎಂದು ಬರೆದಿದ್ದೀರಿ. ನಾನು ನಕ್ಕೆ. ಅವರು ಶುಕ್ರವಾರ ಹೋದರು, ನಾನು ಹೆಸರು ತಿದ್ದಿಸಿದ್ದು ಶನಿವಾರ. ಬಾವಿಯ ಮೇಲಿನ ಜಾಲರಿಗೆ ಬೀಗ ಹಾಕಿದೆ, ಕೀಲಿ ಅವ್ವನ ಸೊಂಟದಾಗ ಹುಮನಾಬಾದಿಗೆ ಹೋಗ್ಯದ, ಬಂದವರು ಬಂದ ದಾರೀಲೆ ಹೋಗಲಿ ಎಂದೂ ಬರೆದಿದ್ದೀರಿ. ಗುರುಲಿಂಗಪ್ಪನವರಿಗೂ ಅದನ್ನೇ ಹೇಳಿ ವಾಪಸು ಕಳಿಸಿದಿರಂತೆ. ಮಡಿಯಲ್ಲಿರುವ ನಿಮ್ಮ ಅವ್ವನ ಹೊರತು ಆ ಜಾಲರಿಯನ್ನು ಇನ್ನೊಬ್ಬರು ತೆಗೆಯುವ ಹಾಗಿಲ್ಲ ಎಂಬುದನ್ನು ಇಷ್ಟು ಜಾಣತನದಿಂದ ಬಳಸಿಕೊಂಡವರು ನಿಮ್ಮ ವಂಶದಲ್ಲಿ ನೀವೇ ಮೊದಲಿಗರು.

ಕೊನೆಗೆ, ಈ ಮನೆಯ ಬಾಗಿಲು ನಿನ್ನ ಪಾಲಿಗೆ ಮುಚ್ಚಿತು, ವಕೀಲರಿಂದ ಕಾಗದ ಬರುತ್ತದೆ ಎಂದಿದ್ದೀರಿ. ಬರಲಿ, ಸಹಿ ಹಾಕುತ್ತೇನೆ. ಮುಚ್ಚಲು ಆ ಬಾಗಿಲು ಯಾವತ್ತು ತೆರೆದಿತ್ತು ಎಂಬುದಷ್ಟೇ ನನಗೆ ನೆನಪಾಗುತ್ತಿಲ್ಲ. ಕಾಗದ ಕಳಿಸುವ ಮುಂಚೆ ಒಂದು ಕೆಲಸ ಮಾಡಿ. ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೋಗಿ. ಜನ ಇರುವ ಹೊತ್ತಿನಲ್ಲಿ ಹೋಗಿ. ಖುರ್ಷೀದ್ ಬೇಗಂ ಅವರ ಗಾಡಿಯ ಮುಂದೆ ನಿಂತು, ಕಾಲರಾ ಆದದ್ದು ನಿಮಗಲ್ಲ, ನಮ್ಮ ಮನೆಯಲ್ಲಿ, ನಿಮ್ಮ ಹೆಸರು ಹೇಳಿದವನು ನಾನು ಎಂದು ಹೇಳಿ. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿ. ಫೋನಿನಲ್ಲಿ ಬೇಡ, ಅಲ್ಫಿಯಾಳ ಮೂಲಕ ಹೇಳಿ ಕಳಿಸುವುದೂ ಬೇಡ. ತರಗತಿಯಲ್ಲಿ ಅಷ್ಟು ದೊಡ್ಡ ದನಿ ತೆಗೆಯುತ್ತೀರಲ್ಲ, ಅದು ಅಲ್ಲಿಯೂ ಬರಲಿ. ನಿಮ್ಮಿಂದ ನನಗೆ ಇನ್ನೇನೂ ಬೇಕಾಗಿಲ್ಲ.

ವಕೀಲರ ಕಾಗದ ಬರುವವರೆಗೆ ನಿಮ್ಮ ಹೆಂಡತಿ,
ಮಾಧವಿ

ತಾ.ಕ. ಬಾಳೆಹಣ್ಣಿನ ಮಾತು ಸುಳ್ಳಲ್ಲ, ಆದರೆ ಅದು ನನಗೆ ಹೊಳೆದದ್ದು ಆಮೇಲೆ. ಮೊದಲು ಹೇಳಿದವರು ಬೇರೆ. ಶುಕ್ರವಾರ ಬೆಳಿಗ್ಗೆ ಲ್ಯಾಬಿನ ಬೆಂಚಿನ ಮೇಲೆ ಒಂದು ತಾಮ್ರದ ತಂಬಿಗೆ, ಒಂದು ಬಟ್ಟೆಯ ಗಂಟು, ಪಕ್ಕದಲ್ಲಿ ನಿಮ್ಮ ಅವ್ವ ಕೂತಿದ್ದರು. ಕೌಸರ್ ಹೆಸರು ಕೇಳಿದ್ದಕ್ಕೆ, ಜಾನಕೀಬಾಯಿ, ಕಮಲಾಪುರ, ನನ್ನ ಮಗ ತಂದ ಬಾಟಲಿ ನಂದು, ಆ ಬಡವಿ ಹೆಸರು ತಗದು ನಂದು ಬರಕೋ ಅಂದರು. ಗೋಡೆಯ ಆಚೆ ಖುರ್ಷೀದ್ ಬೇಗಂ ಅಳುವುದನ್ನು ಕೇಳಿ ನಿಮ್ಮನ್ನು ವಿಚಾರಿಸಿದರಂತೆ. ಸುಮ್ಮನಿರವ್ವಾ, ನಿನ್ನ ಬಾವಿ ಉಳಸೀನಿ ಅಂದಿರಂತೆ. ಸುಳ್ಳು ಹೇಳಿ ಉಳಿಸಿದ ಬಾವಿ ನೀರು ನಾ ರಾಯರಿಗೆ ಹಾಕಂಗಿಲ್ಲ ಎಂದು ಅವತ್ತೇ ನಿಶ್ಚಯ ಮಾಡಿದರಂತೆ. ಅವರನ್ನು ಹುಮನಾಬಾದಿನ ಬಸ್ಸಿಗೆಂದು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ನೀವು ಕಾಲೇಜಿಗೆ ಹೋದಿರಿ, ಅವರು ಕಲಬುರಗಿಯ ಬಸ್ಸು ಹತ್ತಿದರು.

ಹತ್ತುವ ಮುಂಚೆ ಮಾಡಿದ್ದನ್ನು ಅವರು ನನಗೆ ಹೇಳಲಿಲ್ಲ, ಖುರ್ಷೀದ್ ಬೇಗಂ ಫೋನ್ ಮಾಡಿ ಹೇಳಿದರು. ನಿಮ್ಮ ಕಿವಿಗೆ ಇನ್ನೂ ಬಿದ್ದಿಲ್ಲವೆಂದರೆ ಹೇಳಲು ಯಾರಿಗೂ ಧೈರ್ಯ ಬಂದಿರಲಿಕ್ಕಿಲ್ಲ. ಗಾಡಿಯ ಮುಂದೆ ನಿಂತು, ಖುರ್ಷೀದ್, ಕಾಲರಾ ಆಗಿದ್ದು ನನಗ, ಒಂದು ಹಣ್ಣು ಕೊಡು ಎಂದು ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಹೇಳಿದರಂತೆ. ಶಾಕವ್ರತ ಮುಗಿಯಲು ಇನ್ನು ಕೆಲವೇ ದಿನ ಇದ್ದವು. ಮದುವೆಯಾಗಿ ಬಂದಂದಿನಿಂದ ಮುರಿಯದ ವ್ರತ. ಅಲ್ಲೇ ನಿಂತು ಸುಲಿದು ಪೂರ್ತಿ ತಿಂದರಂತೆ. ಹಾಗಾಗಿ ಬಸ್ ಸ್ಟ್ಯಾಂಡಿಗೆ ಹೋಗುವುದು ಬಾಕಿ ಇರುವುದು ನಿಮ್ಮೊಬ್ಬರದೇ.

ನಾನೂ ನಿಮ್ಮ ಅವ್ವನೂ ಒಂದಾಗಿದ್ದೇವೆ ಎಂದು ತಿಳಿಯಬೇಡಿ. ಶುಕ್ರವಾರದಿಂದ ಇಲ್ಲೇ ಇದ್ದಾರೆ, ನನ್ನ ಮನೆಯ ಅಡುಗೆಮನೆಗೂ ನನ್ನನ್ನು ಬಿಟ್ಟಿಲ್ಲ.

ನೀವು ಇದನ್ನು ಓದುವುದು ಮಂಗಳವಾರ, ಏಕಾದಶಿ. ಅವರು ಒಂದು ಹನಿ ನೀರೂ ಬಾಯಿಗೆ ಹಾಕಿಕೊಂಡಿರುವುದಿಲ್ಲ. ತಲೆ ಎತ್ತಿ ಗುರುಲಿಂಗಪ್ಪನವರ ಜೀಪಿನ ಕಡೆ ನೋಡಿ. ಹಿಂದೆ ಬ್ಲೀಚಿಂಗ್ ಪುಡಿಯ ಚೀಲ ಇದೆ, ಮುಂದೆ ನಿಮ್ಮ ಅವ್ವ ಕೂತಿದ್ದಾರೆ. ಹೋಗಿ ಕೈಹಿಡಿದು ಇಳಿಸಿಕೊಳ್ಳಿ. ಕೀಲಿ ಅವರ ಸೊಂಟದಲ್ಲೇ ಇದೆ.